ನಿಮಗೇನು ಸಾರ್, ತೋಟ ಇದೆ

ಈ ಮಾತು ಹೇಳಿದ್ದು ನಮ್ಮ ಧಾರಾವಾಹಿಯ ಮೇಕಪ್‌ನವರು. 2020ರ ಏಪ್ರಿಲ್‌ನಲ್ಲಿ ಹೇಗಿದ್ದೀರಿ ಅಂತ ಕೇಳಲು ನಾನೇ ಫೋನ್ ಮಾಡಿದ್ದೆ. ಅವರು ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದರು. ನಾನು ಸೋಮವಾರಪೇಟೆ ಹತ್ತಿರದ ನಮ್ಮೂರಿನ ಜಗಲಿಯಲ್ಲಿದ್ದೆ. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ನಾನೂ ಏನೋ ಒಂದು ತಿರುಗಿಸಿ ಹೇಳಿ ಮರೆತುಬಿಡುತ್ತಿದ್ದೆ. ಅವರು ನಿಜವಾಗಿಯೂ ನನ್ನ ಬಗ್ಗೆ ಸಮಾಧಾನಪಟ್ಟುಕೊಂಡು ಹೇಳಿದರು. ಅದಕ್ಕೇ ಅದು ಇವತ್ತಿಗೂ ಒಳಗೆ ಕೂತಿದೆ.

ಲಾಕ್‌ಡೌನ್ ಮಾತು ಬಂದಾಗಲೆಲ್ಲ ಎಲ್ಲರೂ ತಮ್ಮ ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ನನ್ನ ಸರದಿ ಬಂದಾಗ ನಾನು ಮಾತು ಬದಲಿಸುತ್ತೇನೆ. ಯಾಕೆಂದರೆ ನಮ್ಮ ಸಂಸಾರದಲ್ಲಿ ಅಷ್ಟು ಒಳ್ಳೆಯ ದಿನಗಳು ಅದಕ್ಕೆ ಮೊದಲು ಇರಲಿಲ್ಲ, ಆಮೇಲೂ ಬಂದಿಲ್ಲ. ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಜನ ಗಂಟುಮೂಟೆ ಹೊತ್ತು ನೂರಾರು ಕಿಲೋಮೀಟರ್ ನಡೆದುಕೊಂಡು ಊರು ಸೇರಿದ ಕಾಲ ಅದು. ಆದರೂ ಹೇಳಬೇಕು ಅನಿಸುತ್ತದೆ. ಆ ದಿನಗಳು ನನಗೆ ಪುಕ್ಕಟೆ ಬಂದಿದ್ದಲ್ಲ. ಯಾರ್ಯಾರೋ ದುಡಿಯುತ್ತಿದ್ದರು, ಅದಕ್ಕೇ ನಾನು ನೆಮ್ಮದಿಯಾಗಿದ್ದೆ. ಅವರ ವಿಷಯ ಎತ್ತದೆ, ಎಲ್ಲರ ಜೊತೆ ಸೇರಿ ನಾನೂ ಕಷ್ಟ ಕಷ್ಟ ಅಂದರೆ ಅದು ಸುಳ್ಳೇ ಅಲ್ವಾ.

ನಿಂತಿದ್ದು ನನ್ನ ಕೆಲಸ

ನಾನು ಸಂಭಾಷಣೆ ಬರೆಯುವವನು. ರಾತ್ರಿ ಊಟದ ಹೊತ್ತಿಗೆ ನಿಮ್ಮ ಮನೆಯ ಟಿವಿಯಲ್ಲಿ ಅತ್ತೆ ಸೊಸೆ ಜಗಳ ಆಡುತ್ತಾರಲ್ಲ, ಆ ಮಾತು ನನ್ನಂಥವರದ್ದು. ಕತೆ ಒಬ್ಬರದು, ಚಿತ್ರಕತೆ ಇನ್ನೊಬ್ಬರದು, ಮಾತು ಮಾತ್ರ ನಮ್ಮದು. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದರೆ ಉಳಿಯುವುದು 22 ನಿಮಿಷದ ಆಸುಪಾಸು. ದುಡ್ಡು ಎಪಿಸೋಡ್ ಲೆಕ್ಕದಲ್ಲಿ. ಬರೆದರೆ ಉಂಟು, ಬರೆಯದಿದ್ದರೆ ಇಲ್ಲ. ಗುರುವಾರ ಟಿಆರ್‌ಪಿ ಬರುತ್ತದೆ. ನಂಬರ್ ಬಿದ್ದಿದ್ದರೆ ಅವತ್ತು ಸಂಜೆಯೇ ಕತೆಯ ಟ್ರ್ಯಾಕ್ ಬದಲು, ಬರೆದಿಟ್ಟ ಸೀನೆಲ್ಲ ವಾಟ್ಸಾಪ್‌ನಲ್ಲೇ ಸತ್ತುಹೋಗುತ್ತವೆ. ಸೆಟ್ಟಿನಲ್ಲಿ ಲೈಟ್ ಕಟ್ಟುತ್ತಿರುವಾಗ ನಾನು ರೂಮಿನಲ್ಲಿ ಕೂತು ಅದೇ ಸೀನಿನ ಕೊನೆಯ ಮಾತು ಟೈಪ್ ಮಾಡಿದ್ದೂ ಉಂಟು.

ಹೀಗೆ ವರ್ಷಗಟ್ಟಲೆ ಒಂದು ದೊಡ್ಡ ಕೂಡುಕುಟುಂಬವನ್ನು ಬರೆದ ನಾನು ಇದ್ದಿದ್ದು ಬೆಂಗಳೂರಿನ ಒಂದು ಸಣ್ಣ ಮನೆಯಲ್ಲಿ, ಒಬ್ಬನೇ. ಹೆಂಡತಿ, ಮಗಳು, ಅಪ್ಪ, ಅವ್ವ ಎಲ್ಲರೂ ಊರಲ್ಲಿ. ಹೆಂಡತಿ ನರ್ಸ್. ಅವಳದು ಸರ್ಕಾರಿ ಕೆಲಸ, ಬಿಟ್ಟು ಬರುವ ಹಾಗಿರಲಿಲ್ಲ. ಬಿಡುವುದು ಬೇಡ ಅಂತ ಇಬ್ಬರೂ ಒಪ್ಪಿದ್ದೆವು. ಹಬ್ಬಕ್ಕೆ ಹೋಗುತ್ತಿದ್ದೆ, ಅದೂ ಲ್ಯಾಪ್‌ಟಾಪ್ ಸಮೇತ. ಮನೆಯಲ್ಲಿ ಹಬ್ಬ ಅಂದರೆ ಧಾರಾವಾಹಿಯಲ್ಲೂ ಹಬ್ಬ, ವಿಶೇಷ ಸಂಚಿಕೆ, ಒಂದು ಗಂಟೆಯದ್ದು. ಹೋಳಿಗೆ ತಿನ್ನುತ್ತಾ ಇನ್ನೊಂದು ಮನೆಯವರು ಹೋಳಿಗೆ ತಿನ್ನುವ ಸೀನ್ ಬರೆಯಬೇಕು.

ಮಾರ್ಚ್ ಮೂರನೇ ವಾರ ಶೂಟಿಂಗ್ ನಿಂತಿತು. ನಾನು ಸಿಕ್ಕಿದ ಬಸ್ಸು ಹತ್ತಿ ಊರು ಸೇರಿದೆ. 22ಕ್ಕೆ ಜನತಾ ಕರ್ಫ್ಯೂ, 24ರ ಮಧ್ಯರಾತ್ರಿಯಿಂದ ದೇಶಕ್ಕೆ ದೇಶವೇ ಬಂದ್. ಆ ಕಡೆ ಮಾಕುಟ್ಟದಲ್ಲಿ ಕೇರಳದ ರಸ್ತೆಗೆ ಅಡ್ಡ ಮಣ್ಣು ಸುರಿದರು. ನಮ್ಮ ಕಡೆ ಸುಗ್ಗಿ ಹಬ್ಬವೂ ಇಲ್ಲ. ಬ್ಯಾಂಕಿಂಗ್ ಇದ್ದ, ಅಂದರೆ ಮೊದಲೇ ಶೂಟ್ ಮಾಡಿ ಇಟ್ಟಿದ್ದ, ಒಂದಿಷ್ಟು ಎಪಿಸೋಡ್ ಓಡಿದವು, ಅದು ಮುಗಿದ ಮೇಲೆ ಚಾನೆಲ್‌ಗಳು ಹಳೆಯದನ್ನೇ ಮತ್ತೆ ಹಾಕಿದವು. ಮೊದಲ ಗುರುವಾರ ಬೆಳಿಗ್ಗೆ ನಾನು ಫೋನ್ ಹಿಡಿದುಕೊಂಡು ಅಂಗಳದಲ್ಲಿ ಶತಪಥ ಹಾಕುತ್ತಿದ್ದೆ. ಅವ್ವ ನೋಡಿ, "ಯಾರಾದ್ರೂ ಬರೋರಿದ್ದಾರೇನೋ?" ಅಂದಳು. ಬರಬೇಕಾದ್ದು ಟಿಆರ್‌ಪಿ ಅಂತ ಅವಳಿಗೆ ಹೇಗೆ ಹೇಳಲಿ.

ಅಂಗಳದ ಗೆರೆ

ನಮ್ಮನೆಯಲ್ಲಿ ನಿಂತಿದ್ದು ನನ್ನ ಕೆಲಸ ಒಂದೇ. ಹೆಂಡತಿಯ ಡ್ಯೂಟಿ ಜಾಸ್ತಿಯಾಯಿತು. ಅಪ್ಪನಿಗೆ ತೋಟ ಇತ್ತು, ಅವ್ವನಿಗೆ ದನ ಇತ್ತು. ಇಡೀ ಮನೆಯಲ್ಲಿ ಸುಮ್ನೆ ಕೂತವನು ನಾನೊಬ್ಬ. ಹಾಗಾಗಿ ಉಳಿದ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ಯಾರೂ ಕೂತು ಹಂಚಿದ್ದಲ್ಲ, ತಾನಾಗಿ ಬಂತು.

ಅವಳು ಸಂಜೆ ಬರುವ ಹೊತ್ತಿಗೆ ಹಿತ್ತಲಿನ ಬಚ್ಚಲಲ್ಲಿ ಹಂಡೆ ನೀರು ಕುದಿಯುತ್ತಿರಬೇಕು. ಕಾಫಿ ಗಿಡ ಸವರಿದಾಗ ಬಿದ್ದ ಒಣ ಕಡ್ಡಿ ರಾಶಿ ಇತ್ತು, ಬೇಗ ಹತ್ತಿಕೊಳ್ಳುತ್ತದೆ, ಬೇಗ ಉರಿದೂ ಹೋಗುತ್ತದೆ, ಪಕ್ಕದಲ್ಲೇ ಕೂತು ತಳ್ಳುತ್ತಿರಬೇಕು. ಬಟ್ಟೆ ನೆನೆಸಲು ಸೋಪಿನಪುಡಿ ಕಲಸಿದ ಬಕೆಟ್. ಸ್ಕೂಟರ್ ಕೀ ಒರೆಸಲು ಸ್ಯಾನಿಟೈಸರ್. ಅವಳು ಸ್ನಾನ ಮಾಡಿ ಬರುವ ತನಕ ಮಗಳು ಹತ್ತಿರ ಹೋಗಬಾರದು. ಸಣ್ಣ ಹುಡುಗಿ, ಹೇಳಿದರೆ ಕೇಳುತ್ತಾಳಾ? ಅಜ್ಜಿ ಒಂದು ಉಪಾಯ ಮಾಡಿದಳು. ಅಂಗಳಕ್ಕೆ ಅಡ್ಡಲಾಗಿ ರಂಗೋಲಿ ಪುಡಿಯಲ್ಲಿ ಒಂದು ಗೆರೆ ಎಳೆದು, "ಇದನ್ನ ದಾಟಿದ್ರೆ ಅಮ್ಮಂಗೆ ನಾಳೆ ರಜಾ ಸಿಗಲ್ಲ" ಅಂದಳು. ರಜಾ ಹೇಗೂ ಇರಲಿಲ್ಲ. ಮಗಳು ನಂಬಿದಳು.

ಸ್ಕೂಟರ್ ಸದ್ದು ಕೇಳಿದ ಕೂಡಲೇ ಅವಳು ಓಡಿಹೋಗಿ ಗೆರೆಗೆ ಹೆಬ್ಬೆರಳು ತಾಗಿಸಿ ನಿಲ್ಲುತ್ತಿದ್ದಳು. ಅಲ್ಲಿಂದಲೇ ವರದಿ ಶುರು. ಕೆಂಪು ದನ ಹಗ್ಗ ಬಿಚ್ಚಿಕೊಂಡಿದ್ದು, ಅಪ್ಪ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು, ಅಜ್ಜ ಬೈದಿದ್ದು. ಆ ಕಡೆ ಹೆಂಡತಿ ಹೆಲ್ಮೆಟ್ ಕೂಡ ತೆಗೆಯದೆ ನಿಂತು ಪೂರ್ತಿ ಕೇಳುತ್ತಿದ್ದಳು. ದಿನವಿಡೀ ನಿಂತು ಬಂದವಳು, ಇನ್ನೂ ನಿಂತೇ. ನಾನು ಬಚ್ಚಲ ಒಲೆಯ ಹತ್ತಿರದಿಂದ ನೋಡುತ್ತಿದ್ದೆ. "ನೀರು ಆರಿ ಹೋಗುತ್ತೆ ಬಾ" ಅಂತ ಕೂಗಿದರೆ, "ಇರ್ರೀ, ಇನ್ನೂ ಮುಗೀಲಿಲ್ಲ" ಅನ್ನುತ್ತಿದ್ದಳು. ನಾನು ಬರೆದ ಯಾವ ಸೀನಿನಲ್ಲೂ ಒಬ್ಬರು ಇನ್ನೊಬ್ಬರ ಮಾತನ್ನು ಅಷ್ಟು ಹೊತ್ತು ಕೇಳಿಸಿಕೊಂಡಿಲ್ಲ. ನಮ್ಮಲ್ಲಿ ಎರಡನೇ ವಾಕ್ಯಕ್ಕೇ ಯಾರಾದರೂ ಅಡ್ಡ ಬಾಯಿ ಹಾಕಬೇಕು, ಇಲ್ಲದಿದ್ದರೆ ಲ್ಯಾಗ್ ಅಂತ ಫೋನ್ ಬರುತ್ತದೆ.

ಅಡುಗೆ ಅಷ್ಟೋ ಇಷ್ಟೋ ಬರುತ್ತಿತ್ತು. ಅಕ್ಕಿ ರೊಟ್ಟಿ ಬರುತ್ತಿರಲಿಲ್ಲ. ನಮ್ಮಲ್ಲಿ ಅನ್ನ ಬಿಸಿ ಇರುವಾಗಲೇ ಅಕ್ಕಿ ಹಿಟ್ಟು ಸೇರಿಸಿ ನಾದಬೇಕು. ಕೈ ಸುಡುತ್ತದೆ. ಸುಡುತ್ತದೆ ಅಂತ ಬಿಟ್ಟು ಆಮೇಲೆ ನಾದಿದರೆ ಅಂಚು ಬಿರಿಯುತ್ತದೆ. ಕಾವಲಿ ಮೇಲೆ ಎರಡೂ ಮಗ್ಗುಲು ಬಾಡಿಸಿ ಕೊನೆಗೆ ಕೆಂಡದ ಮೇಲೆ ಇಟ್ಟಾಗ ಉಬ್ಬಬೇಕು. ನನ್ನದು ಉಬ್ಬುತ್ತಿರಲಿಲ್ಲ. ಅಪ್ಪ ಏನೂ ಹೇಳದೆ ಮುರಿದು ತಿನ್ನುತ್ತಿದ್ದರು. ಸೆಟ್ಟಿನ ಅಡುಗೆಮನೆ ನೆನಪಾಗುತ್ತಿತ್ತು. ಅಲ್ಲಿ ಸ್ಟವ್ ಇರುತ್ತದೆ, ಗ್ಯಾಸ್ ಇರುವುದಿಲ್ಲ. ಸೊಸೆ ಒಂದೇ ಟೊಮೆಟೊವನ್ನು ಮೂರು ಸೀನ್ ಹೆಚ್ಚುತ್ತಾಳೆ. ಅಡುಗೆಮನೆ ಅಂದರೆ ನನಗೆ ಗುಟ್ಟು ಹೇಳುವ ಜಾಗ, ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುವ ಜಾಗ. ಕೈಯಲ್ಲಿ ಬಿಸಿ ಹಿಟ್ಟು ಇದ್ದಾಗ ಯಾರೂ ಗುಟ್ಟು ಹೇಳುವುದಿಲ್ಲ ಅಂತ ಆಗ ಗೊತ್ತಾಯಿತು.

ತೋಟ ಅಂದರೆ

ಈಗ ತೋಟದ ವಿಷಯಕ್ಕೆ ಬರೋಣ. ಕೊಡಗಿನವನು, ತೋಟ ಇದೆ ಅಂದ ಕೂಡಲೇ ಬೆಂಗಳೂರಿನವರ ಕಣ್ಣೆದುರು ಬರುವುದು ಜೀಪು, ಹೆಂಚಿನ ಬಂಗಲೆ, ಹೋಂಸ್ಟೇ. ನಮ್ಮದು ಸಣ್ಣದು. ಸೋಮವಾರಪೇಟೆ ಕಡೆಯ ಅರೇಬಿಕಾ ಕಾಫಿ, ನಡುವೆ ಸಿಲ್ವರ್ ಮರಕ್ಕೆ ಹಬ್ಬಿಸಿದ ಕಾಳುಮೆಣಸು. ಆ ವರ್ಷ ಮೆಣಸು ಕಿಲೋಗೆ 300 ರೂಪಾಯಿ ಆಸುಪಾಸಿನಲ್ಲಿತ್ತು. ಅದಕ್ಕೆ ನಾಲ್ಕೈದು ವರ್ಷ ಹಿಂದೆ 700 ಮುಟ್ಟಿದ್ದನ್ನು ನೋಡಿದ್ದ ಅಪ್ಪ ಮೂಟೆ ಕಟ್ಟಿ ಇಟ್ಟುಕೊಂಡು ಕಾಯುತ್ತಿದ್ದರು. ಆಳುಗಳು ಬರುವ ಹಾಗಿರಲಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಹೂವಾಗಿ ಹೋಗಿತ್ತು. ಬೋರರ್ ಹುಡುಕುವ ಕೆಲಸ ಹಾಗೇ ಬಾಕಿ ಇತ್ತು.

ಅರೇಬಿಕಾ ಬೆಳೆಯುವವರಿಗೆ ಬೋರರ್ ಬಗ್ಗೆ ಹೇಳಬೇಕಾಗಿಲ್ಲ. ಕಾಂಡಕೊರಕ. ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ, ಹುಳು ಒಳಗೆ ಸುರಂಗ ಕೊರೆಯುತ್ತಾ ಹೋಗುತ್ತದೆ. ಹೊರಗಿನಿಂದ ಗಿಡ ಹಸಿರಾಗೇ ಇರುತ್ತದೆ. ಅಪ್ಪ ಒಂದೊಂದು ಗಿಡದ ಬುಡಕ್ಕೂ ಕುಕ್ಕರಗಾಲಲ್ಲಿ ಕೂತು, ಕಾಂಡದ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗುತ್ತದೆ. ಸಿಕ್ಕಿದರೆ ಬುಡಸಮೇತ ಕಿತ್ತು ಸುಡಬೇಕು, ಪಾಪ ಅನ್ನುವ ಹಾಗಿಲ್ಲ. ಬಿಸಿಲು ಜಾಸ್ತಿ ಬೀಳುವ ಕಡೆ ಇದರ ಕಾಟ ಜಾಸ್ತಿ. ಮೇಲಿನ ಮೂಲೆಯಲ್ಲಿ ಹಿಂದಿನ ವರ್ಷ ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವುದು, ಸ್ವಲ್ಪ ಹೆಚ್ಚಾಗಿತ್ತು. ಅಲ್ಲೇ ಸಾಲಾಗಿ ಸಿಕ್ಕವು.

ನಾನು ಕೀಳುವವನು, ಅವರು ಹುಡುಕುವವರು. ಅಪ್ಪ ಮೊದಲಿನಿಂದಲೂ ಮಾತು ಕಮ್ಮಿ. ಒಂದು ದಿನ, ಚೆನ್ನಾಗಿ ಕಾಯಿ ಕಚ್ಚಿದ್ದ ಗಿಡವೊಂದನ್ನು ಕೀಳು ಅಂದರು. ನಾನು, "ಈ ವರ್ಷದ ಫಸಲು ತಗೊಂಡು ಆಮೇಲೆ ಕೀಳಬಹುದಲ್ವಾ ಅಪ್ಪಾ" ಅಂದೆ. ಅವರು ನನ್ನ ಮುಖ ನೋಡಿ, "ನಿನ್ನ ಸೀರಿಯಲ್ಲಲ್ಲಿ ಹಾಗೆ ಮಾಡು" ಅಂದರು. ಅಲ್ಲಿಯ ತನಕ ನಾನು ಏನು ಬರೆಯುತ್ತೇನೆ ಅಂತ ಅವರಿಗೆ ಗೊತ್ತಿದೆ ಅಂದುಕೊಂಡಿರಲಿಲ್ಲ. ನಿಜ, ನಮ್ಮಲ್ಲಿ ಹಾಗೇ. ವಿಲನ್ನನ್ನು ಇನ್ನೊಂದು ನೂರು ಎಪಿಸೋಡ್ ಇಟ್ಟುಕೊಳ್ಳುತ್ತೇವೆ, ನಂಬರ್ ಕೊಡುತ್ತಾಳಲ್ಲ.

ಮೇಕಪ್‌ನವರ ಮಾತು ನನ್ನನ್ನು ಕಾಡುತ್ತಿದ್ದದ್ದು ಈ ತೋಟದಲ್ಲೇ. ಅವರು ಅಂದುಕೊಂಡಷ್ಟು ನಮ್ಮಲ್ಲಿ ದುಡ್ಡಿರಲಿಲ್ಲ. ಆದರೆ ಅವರು ಹೇಳಿದ್ದು ಸರಿಯಾಗಿತ್ತು. ಬಾಡಿಗೆ ಕಟ್ಟಬೇಕಾಗಿರಲಿಲ್ಲ. ಅಕ್ಕಿ ಮನೆಯದು, ಹಾಲು ಮನೆಯದು. ತೀರಾ ಕೈ ಕಟ್ಟಿದರೆ ಮಾರಲು ಎರಡು ಮೂಟೆ ಮೆಣಸು ಇತ್ತು. ತಿಂಗಳ ಕೊನೆಗೆ ಹೆಂಡತಿಯ ಸಂಬಳ ಬರುತ್ತಿತ್ತು. ಮೇಕಪ್‌ನವರಿಗೆ ಬೇಟಾ, ಅಂದರೆ ದಿನದ ಕೂಲಿ, ಇಲ್ಲ ಅಂದರೆ ಅವತ್ತಿನ ಊಟವೇ ಇಲ್ಲ. "ಯಾರೋ ಹಂಚಿದ ದಿನಸಿ ಕಿಟ್ ತರಲು ಮಾಸ್ಕ್ ಹಾಕಿಕೊಂಡು ಸಾಲಲ್ಲಿ ನಿಂತಿದ್ದೆ, ಮುಖ ಕಾಣುತ್ತಿರಲಿಲ್ಲ, ಒಳ್ಳೆಯದಾಯಿತು" ಅಂದಿದ್ದರು. ಅವರ ಎದುರಿಗೆ ನನ್ನ ಸುಖವನ್ನು ಇಟ್ಟು ನೋಡಿದಾಗ ಅದು ಸುಖ ಅಲ್ಲ ಅಂತೇನೂ ಆಗಲಿಲ್ಲ. ಬರೀ ಪುಣ್ಯ ಅಂದುಕೊಳ್ಳುವುದು ಮಾತ್ರ ಕಷ್ಟವಾಯಿತು. ಅಪ್ಪನ ಹೆಬ್ಬೆರಳು, ಹೆಂಡತಿಯ ಡ್ಯೂಟಿ, ಇದರಲ್ಲಿ ಪುಣ್ಯ ಎಲ್ಲಿಂದ ಬಂತು?

ಆ ಅನ್ನ ಏನಾಗುತ್ತೆ?

ಮಾರ್ಚ್ 28ರಿಂದ ದೂರದರ್ಶನದಲ್ಲಿ ಹಳೆಯ ರಾಮಾಯಣ ಮತ್ತೆ ಬಂತು. ಅವ್ವನಿಗೆ ಹಿಂದಿ ಬರುವುದಿಲ್ಲ, ಕತೆ ಗೊತ್ತಲ್ಲ, ನೋಡುತ್ತಿದ್ದಳು. ಅದು ಮುಗಿದ ಮೇಲೆ ನಮ್ಮ ಚಾನೆಲ್. ಅಲ್ಲಿ ನನ್ನದೇ ಹಳೆಯ ಎಪಿಸೋಡ್. ಅವ್ವ ಮೊದಲು ನೋಡಿದ್ದನ್ನೇ ಮತ್ತೆ ನೋಡಿದಳು, ಆದರೆ ಈ ಸಲ ಬರೆದವನು ಪಕ್ಕದಲ್ಲೇ ಕೂತಿದ್ದ. ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

"ನಿಮ್ಮ ಸೀರಿಯಲ್ಲಲ್ಲಿ ಊಟಕ್ಕೆ ಕೂತೋರು ಯಾರೂ ಪೂರ್ತಿ ಉಣ್ಣಲ್ಲ ಅಲ್ವೇನೋ?" ಅಂದಳು ಒಂದು ದಿನ. "ಎರಡು ತುತ್ತು ತಿಂತಾರೆ, ಜಗಳ ಶುರುವಾಗುತ್ತೆ, ತಟ್ಟೆ ಬಿಟ್ಟು ಎದ್ದು ಹೋಗ್ತಾರೆ. ಆ ಅನ್ನ ಏನಾಗುತ್ತೆ?"

ನಗು ಬಂತು. ಆಮೇಲೆ ಲೆಕ್ಕ ಹಾಕಿದೆ. ಊಟದ ಸೀನ್ ಬರೆಯುವುದೇ ಎಬ್ಬಿಸುವುದಕ್ಕೆ. ಎಲ್ಲರೂ ಒಂದೇ ಫ್ರೇಮಿನಲ್ಲಿ ಸಿಗುತ್ತಾರೆ, ಕೋಪ ಬಂದವರು ಏಳಲು ಕುರ್ಚಿ ಇರುತ್ತದೆ, ಅಳಲು ಹಿನ್ನೆಲೆಯಲ್ಲಿ ದೇವರ ಕೋಣೆ ಇರುತ್ತದೆ. ಶಾಂತವಾಗಿ ಉಂಡು, ಮಜ್ಜಿಗೆ ಕುಡಿದು, ಕೈ ತೊಳೆದವರು ನನ್ನ ಕತೆಯಲ್ಲಿ ಒಬ್ಬರೂ ಇಲ್ಲ. ಅವ್ವನ ಪ್ರಶ್ನೆಗೆ ಉತ್ತರ ಬೇಕೆಂದರೆ, ಸೆಟ್ಟಿನ ಆ ಅನ್ನ ನಾಲ್ಕಾರು ಟೇಕ್ ಆದ ಮೇಲೆ ಯಾರೂ ತಿನ್ನುವ ಹಾಗಿರುವುದಿಲ್ಲ.

ಆ ಮರುಪ್ರಸಾರಕ್ಕೆ ಬರೆದವನಿಗೆ ಏನೂ ಬರಲಿಲ್ಲ. ಒಂದು ಪೈಸೆಯೂ ಇಲ್ಲ. ಶೂಟಿಂಗ್ ನಿಂತಾಗ ಚಾನೆಲ್ ನಡೆದದ್ದೇ ನಮ್ಮ ಹಳೆಯ ಎಪಿಸೋಡಿನ ಮೇಲೆ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ಬಂದ ತಿದ್ದುಪಡಿಯಲ್ಲಿ ಬರಹಗಾರರಿಗೆ ರಾಯಧನದ ಹಕ್ಕು ಇದೆ. ಕಾಗದದಲ್ಲಿ ಇದೆ. ನಾನು ಸಹಿ ಹಾಕಿದ ಕಾಗದ ಬೇರೆ. ಆ ಮೇ ತಿಂಗಳಲ್ಲಿ ಹಿಂದಿಯ ಮಹಾಭಾರತ ಧಾರಾವಾಹಿ ಕನ್ನಡಕ್ಕೆ ಡಬ್ ಆಗಿ ಬಂದಾಗ ನಮ್ಮ ಬರಹಗಾರರ ಗ್ರೂಪಿನಲ್ಲಿ ದಿನಗಟ್ಟಲೆ ಅದೇ ಚರ್ಚೆ. ಇನ್ನು ನಮ್ಮ ಅಗತ್ಯವೇ ಇಲ್ಲವಾ ಅಂತ ಒಬ್ಬರು ಬರೆದರು. ಡಬ್ಬಿಂಗಿಗೂ ಮಾತು ಬರೆಯುವವರು ಬೇಕಲ್ಲ ಅಂತ ಇನ್ನೊಬ್ಬರು.

ತಾವೇ ನಿಲ್ಲಿಸಿದವರು

2023ರಲ್ಲಿ ಅಮೆರಿಕದ ಸಿನಿಮಾ, ಟಿವಿ ಬರಹಗಾರರು ಮುಷ್ಕರ ಹೂಡಿದರು. ಮೇ 2ಕ್ಕೆ ಶುರುವಾಗಿದ್ದು ಮುಗಿದದ್ದು ಸೆಪ್ಟೆಂಬರ್ 27ಕ್ಕೆ, 148 ದಿನ. ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಪೆನ್ನು ಕೆಳಗಿಟ್ಟರು. ಓಟಿಟಿಯಲ್ಲಿ ಮತ್ತೆ ಮತ್ತೆ ಓಡುವುದಕ್ಕೆ ಸರಿಯಾದ ಪಾಲು ಕೊಡಿ, ಒಂದು ಕತೆಗೆ ಇಂತಿಷ್ಟು ಜನ ಬರಹಗಾರರನ್ನು ಇಟ್ಟುಕೊಳ್ಳಲೇಬೇಕು, ನಮ್ಮ ಜಾಗಕ್ಕೆ ಎಐ ತರಬೇಡಿ ಅಂತ ಅವರ ಪಟ್ಟಿ. ಅಲ್ಲಿ ಮರುಪ್ರಸಾರದ ದುಡ್ಡು ಅನ್ನುವುದು ಒಂದು ಇದೆಯಲ್ಲ, ಅದೂ ಹಿಂದಿನವರು ಹೀಗೇ ಕೆಲಸ ನಿಲ್ಲಿಸಿ ಗಳಿಸಿದ್ದು. ನಾನು ಆ ಸುದ್ದಿಯನ್ನೆಲ್ಲ ಓದುತ್ತಿದ್ದದ್ದು ರಾತ್ರಿ, ಮರುದಿನದ ಸೀನ್ ಕಳಿಸಿದ ಮೇಲೆ.

ಅವರು ತಾವೇ ನಿಲ್ಲಿಸಿದರು. ನಮ್ಮದು ಯಾವಾಗಲೂ ಬೇರೆ ಯಾರೋ ನಿಲ್ಲಿಸಬೇಕು, ಇಲ್ಲವೇ ರೋಗ ಬರಬೇಕು. 2021ರಲ್ಲಂತೂ ರೋಗಕ್ಕೂ ಜಗ್ಗಲಿಲ್ಲ. ಕರ್ನಾಟಕದಲ್ಲಿ ಶೂಟಿಂಗ್ ನಿಲ್ಲಿಸಿದಾಗ ಕನ್ನಡ ಧಾರಾವಾಹಿಗಳು ಒಂದರ ಹಿಂದೆ ಒಂದು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೆ ಹೋದವು. ಇಡೀ ಸಂಸಾರ ಇದ್ದಕ್ಕಿದ್ದಂತೆ ಯಾಕೆ ಹೊಸ ಮನೆಗೆ ಬಂತು ಅನ್ನುವುದಕ್ಕೆ ಕಾರಣ ಕಟ್ಟುವುದು ನಮ್ಮ ಕೆಲಸ. ನಾನು ಆಗಲೂ ಊರಲ್ಲಿದ್ದೆ. ಸಿಗ್ನಲ್ ಸಿಗುವ ದಿಣ್ಣೆಯ ಮೇಲೆ ಛತ್ರಿ ಹಿಡಿದು ಕೂತು ಸೀನ್ ಕಳಿಸಿದೆ. ನಮ್ಮದೇ ತಾಲೂಕಿನ ಮುಳ್ಳೂರಿನ ಶಾಲೆಯ ಮೇಷ್ಟ್ರು ಸಿ.ಎಸ್. ಸತೀಶ್ ಅದೇ ಕಾಲದಲ್ಲಿ ಸಿಗ್ನಲ್‌ಗೋಸ್ಕರ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಮಕ್ಕಳಿಗೆ ಪಾಠ ಮಾಡಿದರು. ನಾನು ಅಲ್ಲಿಂದ ಕಳಿಸುತ್ತಿದ್ದದ್ದು ಸೊಸೆಯ ಹಾಲಿಗೆ ವಿಷ ಬೆರೆಸುವ ಸೀನ್. ಹೈದರಾಬಾದಿಗೆ ಹೋದವರು ಅರ್ಧಕ್ಕರ್ಧ ಜನ, ಉಳಿದವರು ಮನೆಯಲ್ಲೇ. ಸರ್ಕಾರ ಚಿತ್ರರಂಗ, ಕಿರುತೆರೆಯ ಕಾರ್ಮಿಕರಿಗೆ ತಲಾ 3,000 ರೂಪಾಯಿ ಘೋಷಿಸಿತು.

ಅಮೆರಿಕದವರ ಮುಷ್ಕರ ಓದುವಾಗ ಹೊಟ್ಟೆಕಿಚ್ಚು ಆಗಿದ್ದು ನಿಜ. ಅದರ ಜೊತೆಗೆ, ಆ ಐದು ತಿಂಗಳು ಅಲ್ಲಿನ ಲೈಟಿನವರು, ಡ್ರೈವರುಗಳು, ಊಟ ಕೊಡುವವರು ಕೂಡ ಮನೆಯಲ್ಲಿ ಕೂತಿದ್ದರು ಅನ್ನುವುದೂ ಕಣ್ಣಿಗೆ ಬೀಳುತ್ತಿತ್ತು. ನಾಳೆ ನಾವು ಪೆನ್ನು ಕೆಳಗಿಟ್ಟರೆ ನನಗೆ ಅಕ್ಕಿ ಇದೆ. ತೋಟ ಇದ್ದವನು ಧೈರ್ಯವಾಗಿ ಮುಷ್ಕರ ಮಾಡಬಹುದು. ಮೇಕಪ್‌ನವರನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಮೊದಲು ಗೊತ್ತಾಗಬೇಕು. ಅಲ್ಲಿಯ ತನಕ ಈ ವಿಷಯದಲ್ಲಿ ನನ್ನ ದನಿ ಸ್ವಲ್ಪ ಕಮ್ಮಿಯೇ ಇರಲಿ ಅನಿಸುತ್ತದೆ.

ಕಾಶಿಗೆ ಹೋದ ಅಜ್ಜಿ

2020ರ ಮೇ ಕೊನೆಗೆ ಶೂಟಿಂಗ್ ಮತ್ತೆ ಶುರುವಾಯಿತು. ಕಡಿಮೆ ಜನ, ಮಾಸ್ಕು, ಬಾಗಿಲಲ್ಲೇ ಜ್ವರ ನೋಡುವ ಯಂತ್ರ. ಅಪ್ಪಿಕೊಳ್ಳುವ ಹಾಗಿಲ್ಲ, ಮದುವೆ ಸೀನ್ ಬೇಡ. ಅದರ ಜೊತೆ ಇನ್ನೊಂದು ಬಂತು. 65 ದಾಟಿದವರು, 10 ವರ್ಷದೊಳಗಿನ ಮಕ್ಕಳು ಮನೆಯಲ್ಲೇ ಇರಬೇಕು ಅಂತ ಕೇಂದ್ರ ಸರ್ಕಾರ ಹೇಳಿತ್ತಲ್ಲ, ಸೆಟ್ಟಿಗೂ ಅವರನ್ನು ಕರೆಯುವಂತಿಲ್ಲ. ನಮ್ಮ ಕತೆಯಲ್ಲಿ ಒಬ್ಬಳು ಅಜ್ಜಿ, ಒಂದು ಮಗು. ಇಬ್ಬರನ್ನೂ ಕಳಿಸಿಬಿಡಿ ಅಂತ ಫೋನ್ ಬಂತು. ಮಗುವನ್ನು ಮಾವನ ಮನೆಗೆ ಕಳಿಸಿದೆ. ಅಜ್ಜಿಯನ್ನು ಕಾಶಿಗೆ ಕಳಿಸಿದೆ. ಲಾಕ್‌ಡೌನಿನಲ್ಲಿ ಕಾಶಿಗೆ ಯಾವ ರೈಲು ಅಂತ ಅವ್ವ ಕೇಳಿದಳು. ಧಾರಾವಾಹಿಯಲ್ಲಿ ಲಾಕ್‌ಡೌನ್ ಇಲ್ಲ ಅಂದೆ.

ನಮ್ಮನೆಯಲ್ಲಿ ಆ ಎರಡು ತಿಂಗಳು ಬೆಳಿಗ್ಗೆಯಿಂದ ರಾತ್ರಿವರೆಗೆ ನನ್ನ ಜೊತೆಗಿದ್ದದ್ದೇ ಒಬ್ಬ ಅಜ್ಜಿ, ಒಂದು ಮಗು. ನನ್ನ ಸಂಭಾಷಣೆಗೆ ಮೊದಲ ಸಲ ಒಂದಿಷ್ಟು ಸರಕು ಸಿಕ್ಕಿತ್ತು, ಗೆರೆ ದಾಟಿದರೆ ರಜಾ ಸಿಗಲ್ಲ ಅನ್ನುವಂಥದ್ದು. ಅದನ್ನು ಹೇಳುವವರೇ ಇಲ್ಲ ಈಗ. ಉಳಿದದ್ದು ಒಳ್ಳೆಯ ಸೀರೆ ಉಟ್ಟು ದೂರ ದೂರ ನಿಂತು ಜಗಳ ಆಡುವ ಮಧ್ಯವಯಸ್ಸಿನವರು.

ಕೆಲವು ವಾರ ಬಿಟ್ಟು ಅಜ್ಜಿಯ ಪಾತ್ರ ಮಾಡುವ ಅಮ್ಮನೇ ಫೋನ್ ಮಾಡಿದರು. ರಂಗಭೂಮಿಯಿಂದ ಬಂದವರು, ಒಬ್ಬರೇ ಇರುವವರು, ದಿನದ ಪೇಮೆಂಟಿನ ಮೇಲೇ ಬದುಕುವವರು. "ಏನಪ್ಪಾ, ಕಾಶಿಗೆ ಕಳಿಸಿಬಿಟ್ಟೆ, ವಾಪಸ್ ಟಿಕೆಟ್ ಮಾಡಿಸಿದ್ದೀಯೋ ಇಲ್ವೋ?" ಅಂದರು. ದನಿಯಲ್ಲಿ ತಮಾಷೆ ಇತ್ತು, ತಮಾಷೆ ಮಾತ್ರ ಇರಲಿಲ್ಲ. ನಾನು ಅಲ್ಲಿಂದ ಮುಂದೆ ವಾರಕ್ಕೊಂದೋ ಎರಡೋ ಫೋನ್ ಸೀನ್ ಹಾಕತೊಡಗಿದೆ. ಅಜ್ಜಿ ಕಾಶಿಯಿಂದ ಮಾತಾಡುತ್ತಾಳೆ, ಬರೀ ದನಿ. ಅವರು ಮನೆಯಲ್ಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಾರೆ. ದನಿಗೆ ಯಾರಾದರೂ ದುಡ್ಡು ಕೊಡುತ್ತಾರಾ ಅಂತ ಮ್ಯಾನೇಜರ್ ಗೊಣಗಿದರು. ಅಜ್ಜಿ ಇಲ್ಲದಿದ್ದರೆ ಈ ಮನೆಯವರು ತಪ್ಪು ಒಪ್ಪಿಕೊಳ್ಳುವುದು ಯಾರ ಹತ್ತಿರ, ಕತೆ ಮುಂದೆ ಹೋಗಲ್ಲ ಸಾರ್ ಅಂತ ವಾದ ಮಾಡಿದೆ. ಅರ್ಧ ಪೇಮೆಂಟಿಗೆ ಒಪ್ಪಿಸಿದ್ದಾಯಿತು.

ಮೊದಲ ಎರಡು ಸೀನ್ ಆದ ಮೇಲೆ ಆ ಅಮ್ಮನಿಂದ ಒಂದು ವಾಯ್ಸ್ ಮೆಸೇಜ್ ಬಂತು. ಥ್ಯಾಂಕ್ಸ್ ಹೇಳುತ್ತಾರೆ ಅಂದುಕೊಂಡು ಹಚ್ಚಿದೆ. "ಬರೀ ಚೆನ್ನಾಗಿದ್ದೀನಿ ಮಗಾ, ಗಂಗೆ ಚೆನ್ನಾಗಿದೆ ಮಗಾ ಅಂತ ಬರೀತೀಯಲ್ಲ, ಆ ಹಿರಿಸೊಸೆ ಅಲ್ಲಿ ಅಷ್ಟು ಮೆರೀತಿದ್ದಾಳೆ, ನಾನು ಕಾಶೀಲಿ ಕೂತು ಸುಮ್ನಿರ್ತೀನಾ? ಮುಂದಿನ ವಾರ ನಂಗೊಂದು ಒಳ್ಳೆ ಜಗಳ ಬರಿ."